ಯೂನಿವರ್ಸಿಟಿ ಕಾಲ್ ಸೆಂಟರ್ ಕೆಲಸ ಮತ್ತು ಹಾಜರಿ: ಅಮೆರಿಕಕ್ಕೆ ಓದಲು ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಅಮೆರಿಕದ ಪೂರ್ವ ತೀರದ ಒಂದು ಯೂನಿವರ್ಸಿಟಿಯಲ್ಲಿ ಎಂಎಸ್ ಓದುವಾಗ ಅಲ್ಲಿನ ದೇಣಿಗೆ ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡಿದವಳು. ಮೊದಲು ಕಾಲರ್, ಆಮೇಲೆ ಸ್ಟೂಡೆಂಟ್ ಸೂಪರ್‌ವೈಸರ್. ಸೂಪರ್‌ವೈಸರ್ ಆದಾಗ ಹಾಜರಿ ಪಟ್ಟಿ ನನ್ನ ಕೈಯಲ್ಲೇ ಇತ್ತು. ಇಂಗ್ಲಿಷ್ ಉಚ್ಚಾರಣೆ ಸರಿಯಿಲ್ಲ ಅಂತ ಕೆಲಸ ಹೋದವರನ್ನು ನಾನು ನೋಡಲಿಲ್ಲ. ಬರದೆ, ಬರಲ್ಲ ಅಂತ ಹೇಳದೆ ಕೆಲಸ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದೆ. ಅದರಲ್ಲಿ ನಮ್ಮ ಕಡೆಯ ಒಳ್ಳೆಯ ಹುಡುಗರೂ ಇದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರತಿ ಆಗಸ್ಟ್‌ನಲ್ಲಿ ವಾಟ್ಸ್ಆ್ಯಪ್‌ನಲ್ಲಿ, ಫೋನಿನಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಹೊಸಬರು ಕೇಳುವ ಪ್ರಶ್ನೆಗಳು ಇವು. ಒಂದೊಂದು ಯೂನಿವರ್ಸಿಟಿಯ ನಿಯಮ ಒಂದೊಂದು ತರಹ. ಸೇರುವಾಗ ನೀವು ಸಹಿ ಹಾಕುವ ಹಾಜರಿ ನಿಯಮದ ಹಾಳೆಯೇ ಕೊನೆಯ ಮಾತು. ಇಡೀ ದೇಶದ ಕಾನೂನು ಇರುವ ಕಡೆ ಅದನ್ನು ಹೇಳಿದ್ದೇನೆ.

## ಶುರುವಿನ ಪ್ರಶ್ನೆಗಳು

ಅಕ್ಕ, ಇದು ಬೆಂಗಳೂರಿನ ಬಿಪಿಓ ತರಹದ ಕೆಲಸನಾ?

ಅಲ್ಲ. ಇಲ್ಲಿ ಫೋನ್ ಮಾಡುವವರು ವಿದ್ಯಾರ್ಥಿಗಳು. ಫೋನ್ ಎತ್ತುವವರೂ ಜಾಸ್ತಿ ಪಾಲು ಅದೇ ಕಾಲೇಜಿನಲ್ಲಿ ಓದಿ ಹೋದವರು, ಇಲ್ಲವೇ ಈಗ ಓದುತ್ತಿರುವವರ ಅಪ್ಪ ಅಮ್ಮ. ಕ್ಯಾಂಪಸ್‌ನಲ್ಲಿ ಏನು ನಡೀತಿದೆ ಅಂತ ಮಾತಾಡಿಸಿ, ಅವರ ವಿಳಾಸ, ಕೆಲಸದ ವಿವರ ಸರಿ ಮಾಡಿಕೊಂಡು, ಸ್ಕಾಲರ್‌ಶಿಪ್ಪಿಗೋ ಲೈಬ್ರರಿಗೋ ದೇಣಿಗೆ ಕೇಳುವುದು. ಇದಕ್ಕೆ ಫೋನಥಾನ್ ಅಂತ ಹೆಸರು. ಹಳೆಯ ವಿದ್ಯಾರ್ಥಿಗಳಿಂದ ಪ್ರತಿ ವರ್ಷ ದುಡ್ಡು ಕೂಡಿಸುವ ಪದ್ಧತಿ ಇಲ್ಲಿ ಬಹಳ ಹಳೆಯದು, ಯೇಲ್ ಯೂನಿವರ್ಸಿಟಿಯ ನಿಧಿ 1890ರಲ್ಲೇ ಶುರುವಾಗಿದೆ. ನಮ್ಮಲ್ಲಿ ಮಠದ ಶಾಲೆಗಳು, ಸಮುದಾಯದ ಉಚಿತ ಹಾಸ್ಟೆಲ್‌ಗಳು ದಾನಿಗಳಿಂದ ನಡೆದು ಬಂದವಲ್ಲ, ಆ ಕಣ್ಣಿನಿಂದ ನೋಡಿದರೆ ಈ ಕೆಲಸ ಬೇಗ ಅರ್ಥವಾಗುತ್ತದೆ.

ವಾರಕ್ಕೆ ಎಷ್ಟು ದಿನ ಹೋಗಲೇಬೇಕು?

ಸಾಮಾನ್ಯವಾಗಿ ಎರಡರಿಂದ ನಾಲ್ಕು ಶಿಫ್ಟ್. ಒಂದೊಂದು ಮೂರು, ಮೂರೂವರೆ ಗಂಟೆ. ಭಾನುವಾರದಿಂದ ಗುರುವಾರದವರೆಗೆ ಸಂಜೆ ಇರುತ್ತದೆ. ಶುಕ್ರವಾರ, ಶನಿವಾರ ಜನ ಮನೆಯಲ್ಲಿ ಸಿಗುವುದಿಲ್ಲ ಅಂತ ಬಹಳ ಕಡೆ ಮುಚ್ಚಿರುತ್ತಾರೆ. ಭಾನುವಾರ ಜನ ಚೆನ್ನಾಗಿ ಸಿಗುತ್ತಾರೆ, ಆದರೆ ಆ ದಿನ ಕೆಲಸಕ್ಕೆ ಬರಲು ವಿದ್ಯಾರ್ಥಿಗಳಿಗೆ ಮನಸ್ಸಿಲ್ಲ. ಹಾಗಾಗಿ ಒಂದು ಭಾನುವಾರದ ಶಿಫ್ಟ್ ಕಡ್ಡಾಯ ಅನ್ನುವ ನಿಯಮ ಹಲವು ಕಡೆ ಕಾಣುತ್ತೀರಿ. ಸೆಮಿಸ್ಟರ್ ಶುರುವಿನಲ್ಲಿ ನೀವೇ ದಿನ ಆರಿಸಿಕೊಳ್ಳುತ್ತೀರಿ. ಲ್ಯಾಬ್, ಗ್ರೂಪ್ ಪ್ರಾಜೆಕ್ಟ್, ಕೊನೆಯ ಬಸ್ಸು ಎಷ್ಟು ಗಂಟೆಗೆ, ಎಲ್ಲ ನೋಡಿ ಆರಿಸಿ. ಹುಮ್ಮಸ್ಸಿನಲ್ಲಿ ನಾಲ್ಕು ಶಿಫ್ಟ್ ಬರೆದುಕೊಟ್ಟು ಅಕ್ಟೋಬರ್‌ನಲ್ಲಿ ಒದ್ದಾಡುವುದಕ್ಕಿಂತ ಎರಡು ಒಪ್ಪಿಕೊಂಡು ಎರಡಕ್ಕೂ ಬರುವುದು ಮೇಲು.

ಸಂಜೆನೇ ಯಾಕೆ? ಬೆಳಿಗ್ಗೆ ಫ್ರೀ ಇದೀನಿ, ಆಗ ಮಾಡಿದ್ರೆ ಆಗಲ್ವಾ?

ಬೆಳಿಗ್ಗೆ ಫೋನ್ ಮಾಡಿದರೆ ಎತ್ತುವವರು ಕಮ್ಮಿ. ಜನ ಕೆಲಸದಿಂದ ಮನೆಗೆ ಬರುವುದು 5, 6 ಗಂಟೆಗೆ. ಇನ್ನೊಂದು ಕಡೆ ರಾತ್ರಿ 9ರ ಗೆರೆ ಇದೆ. ಮಾರಾಟದ ಕರೆಗಳನ್ನು, ಫೋನ್ ಎತ್ತುವವರ ಊರಿನ ಸಮಯದಲ್ಲಿ, ಬೆಳಿಗ್ಗೆ 8ಕ್ಕಿಂತ ಮೊದಲು, ರಾತ್ರಿ 9ರ ನಂತರ ಮಾಡಬಾರದು ಅನ್ನುವುದು ಅಮೆರಿಕದ ಕೇಂದ್ರ ನಿಯಮ. ತಾನೇ ದೇಣಿಗೆ ಕೇಳುವ ಯೂನಿವರ್ಸಿಟಿಗೆ ಅದು ನೇರವಾಗಿ ಅನ್ವಯಿಸದಿದ್ದರೂ ಸಾಮಾನ್ಯವಾಗಿ ಯಾರೂ ಆ ಗೆರೆ ದಾಟುವುದಿಲ್ಲ, ದಾನಿಯ ನಿದ್ದೆ ಕೆಡಿಸಿ ದುಡ್ಡು ಕೇಳಲು ಆಗಲ್ಲ ಅಲ್ವಾ. ಅಂದರೆ ಕೈಗೆ ಸಿಗುವುದು ದಿನಕ್ಕೆ ಮೂರು ಗಂಟೆ ಅಷ್ಟೇ. ಪೂರ್ವ ತೀರದಲ್ಲಿ 9 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 6. ಹಾಗಾಗಿ ಕೆಲವು ಕಡೆ ತಡರಾತ್ರಿಯ ಶಿಫ್ಟ್ ಕೂಡ ಇರುತ್ತದೆ.

ಇನ್ನೊಂದು ಮಾತು. ಚಳಿಗಾಲದಲ್ಲಿ ಪೂರ್ವ ತೀರದಲ್ಲಿ ರಾತ್ರಿ 8:30 ಅಂದರೆ ಊರಲ್ಲಿ ಬೆಳಿಗ್ಗೆ 7. ಅಮ್ಮ ಕಾಫಿ ಲೋಟ ಹಿಡಿದು ವಿಡಿಯೋ ಕಾಲ್ ಮಾಡುವ ಹೊತ್ತು. ಶಿಫ್ಟ್ ಇರುವ ದಿನ ಫೋನ್ ಎತ್ತಲು ಆಗಲ್ಲ ಅಂತ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಗಾಬರಿಯಾಗುತ್ತಾರೆ.

ಕಾಲೇಜ್ ತರಹ 75 ಪರ್ಸೆಂಟ್ ಇದ್ರೆ ಸಾಕಲ್ವಾ?

ಈ ಪ್ರಶ್ನೆಯನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಹಾಜರಿ ಅಂದ ಕೂಡಲೇ ತಲೆಗೆ ಬರುವುದು ಈ ಲೆಕ್ಕವೇ. ವಿಟಿಯುನಲ್ಲಿ 85 ಪರ್ಸೆಂಟ್ ಇರಬೇಕು, ಸರಿಯಾದ ಕಾರಣ ಇದ್ದರೆ 75ಕ್ಕೆ ಇಳಿಯುತ್ತದೆ, ಮಿಕ್ಕ ಇಪ್ಪತ್ತೈದು ನಮ್ಮದು ಅಂತ ನಾಲ್ಕು ವರ್ಷ ಎಣಿಸಿಕೊಂಡು ಬಂದಿರುತ್ತೇವೆ. ಶಾರ್ಟೇಜ್ ಬಂದರೆ ಎಚ್‌ಓಡಿ ಹತ್ತಿರ ಹೋಗಿ ಪತ್ರ ಕೊಟ್ಟರೆ ಆಯಿತು. ಅಲ್ಲಿ ನೀವು ಬರದಿದ್ದರೆ ನಷ್ಟ ನಿಮಗೆ, ಪಾಠ ಹೇಗೂ ನಡೆಯುತ್ತದೆ.

ಇಲ್ಲಿ ಹಾಗಲ್ಲ. ಇವತ್ತು ಹದಿನೈದು ಕುರ್ಚಿಗೆ ಹದಿನೈದು ಜನ ಬರುತ್ತಾರೆ ಅಂತ ಲೆಕ್ಕ ಹಾಕಿ ಅಷ್ಟು ನಂಬರ್‌ಗಳ ಪಟ್ಟಿ ತೆಗೆದಿರುತ್ತಾರೆ. ನಿಮ್ಮ ಕುರ್ಚಿ ಖಾಲಿ ಇದ್ದರೆ ಆ ಪಾಲಿನ ಕರೆಗಳು ಅಂದು ಆಗುವುದೇ ಇಲ್ಲ. ರಾತ್ರಿ 9ಕ್ಕೆ ಮುಗಿಯಿತು, ಉಳಿದದ್ದನ್ನು 10ಕ್ಕೆ ಕೂತು ಮಾಡುವ ಹಾಗಿಲ್ಲ. ಹಾಗಾಗಿ ಇಲ್ಲಿ ಪರ್ಸೆಂಟ್ ಇಲ್ಲ, ಒಪ್ಪಿಕೊಂಡ ಪ್ರತಿ ಶಿಫ್ಟೂ ಲೆಕ್ಕ. ಬರಲಾಗದ ದಿನಗಳು ಎಲ್ಲರಿಗೂ ಇರುತ್ತವೆ, ಅದು ಅವರಿಗೂ ಗೊತ್ತು. ಮೊದಲೇ ಹೇಳಿದರೆ ಆ ಕುರ್ಚಿಗೆ ಬೇರೆಯವರನ್ನು ಕರೆಯುತ್ತಾರೆ. ಹೇಳದಿದ್ದರೆ ಯಾರೂ ಏನೂ ಮಾಡಲು ಆಗಲ್ಲ.

ಐದು ನಿಮಿಷ ಲೇಟ್ ಆದ್ರೆ ಏನಾಗತ್ತೆ?

ಬಹಳ ಕಡೆ ಪಾಯಿಂಟ್ ಲೆಕ್ಕ ಇದೆ. ತಡವಾಗಿ ಬಂದರೆ ಅರ್ಧ ಅಥವಾ ಒಂದು ಪಾಯಿಂಟ್, ಬರದೇ ಇದ್ದರೆ ಅದಕ್ಕಿಂತ ಜಾಸ್ತಿ, ಇಷ್ಟು ಪಾಯಿಂಟ್ ಆದ ಮೇಲೆ ಎಚ್ಚರಿಕೆ, ಆಮೇಲೆ ಕೆಲಸ ಹೋಗುತ್ತದೆ. 6ಕ್ಕೆ ಶಿಫ್ಟ್ ಅಂದರೆ 6ಕ್ಕೆ ಹೆಡ್‌ಸೆಟ್ ಹಾಕಿ ಕೂತಿರಬೇಕು, 6ಕ್ಕೆ ಬಾಗಿಲು ತೆಗೆಯುವುದಲ್ಲ. ಶುರುವಿನ ಹತ್ತು ನಿಮಿಷದಲ್ಲಿ ಇವತ್ತು ಯಾರಿಗೆ ಕರೆ, ಯಾವ ವಿಷಯ ಹೇಳಬೇಕು ಅಂತ ಸೂಪರ್‌ವೈಸರ್ ಹೇಳಿಬಿಡುತ್ತಾರೆ. ಅದು ತಪ್ಪಿದರೆ ಇಡೀ ಸಂಜೆ ತಡಕಾಡುತ್ತೀರಿ. ಆ ಹತ್ತು ನಿಮಿಷವೂ ಕೆಲಸವೇ, ಅದಕ್ಕೂ ಸಂಬಳ ಬರಬೇಕು. ಕ್ಲಾಕ್ ಇನ್ (ಬಂದ ಸಮಯ ದಾಖಲು) ಆದ ಮೇಲೆಯೇ ಬ್ರೀಫಿಂಗ್‌ಗೆ ಕೂರಿ.

ಕೆಲವು ಕಡೆ ನೀವು ಬಂದ, ಹೋದ ಸಮಯವನ್ನು ಹತ್ತಿರದ 15 ನಿಮಿಷಕ್ಕೆ ಹೊಂದಿಸಿ ಸಂಬಳದ ಲೆಕ್ಕ ಹಾಕುತ್ತಾರೆ. ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ, ಆದರೆ ಯಾವಾಗಲೂ ಕೆಲಸಗಾರರಿಗೇ ನಷ್ಟವಾಗುವ ಹಾಗೆ ಹೊಂದಿಸುವಂತಿಲ್ಲ. ಐದು ನಿಮಿಷ ತಡವಾದರೂ ಸಂಬಳ ಪೂರ್ತಿ ಬಂತಲ್ಲ ಅಂತ ಸುಮ್ಮನಿರಬೇಡಿ. ಸಂಬಳದ ಲೆಕ್ಕ ಬೇರೆ, ಹಾಜರಿಯ ಪಾಯಿಂಟ್ ಬೇರೆ.

ಗಡಿಯಾರ ಒಂದು ಗಂಟೆ ಮುಂದೆ ಹೋಗತ್ತಂತೆ, ಅದೇನು?

ಮಾರ್ಚ್‌ನ ಎರಡನೇ ಭಾನುವಾರ ರಾತ್ರಿ 2 ಗಂಟೆ ಇದ್ದಕ್ಕಿದ್ದಂತೆ 3 ಆಗುತ್ತದೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಿಂದಕ್ಕೆ ಬರುತ್ತದೆ. ಹವಾಯಿ ಮತ್ತು ಅರಿಜೋನಾದ ಬಹುಪಾಲು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಹೀಗೆ. ಭಾರತದಲ್ಲಿ ಇದು ಇಲ್ಲದ್ದರಿಂದ ನಮ್ಮವರಿಗೆ ಹೊಳೆಯುವುದಿಲ್ಲ. ಫೋನ್ ತಾನೇ ಬದಲಾಗುತ್ತದೆ, ಗೋಡೆ ಗಡಿಯಾರ, ಕೈಗಡಿಯಾರ ಬದಲಾಗಲ್ಲ. ಅದು ಭಾನುವಾರ, ಅಂದೇ ಕಡ್ಡಾಯದ ಶಿಫ್ಟ್ ಬೇರೆ. ಮೊದಲ ವರ್ಷ ನಾನು ಕೈಗಡಿಯಾರ ನಂಬಿ ಹೋದಾಗ ಒಂದು ಗಂಟೆ ತಡವಾಗಿತ್ತು. ಪಾಯಿಂಟ್ ಬಿತ್ತು.

## ಬರಲಾಗದ ದಿನ

ಬರಲ್ಲ ಅಂತ ಹೇಗೆ ಹೇಳೋದು? ಹೇಳೋಕೇ ಮುಜುಗರ

ಇದೇ ನಿಜವಾದ ತೊಂದರೆ. ನಮಗೆ ದೊಡ್ಡವರ ಮುಖಕ್ಕೆ "ಆಗಲ್ಲ" ಅನ್ನಲು ಬರುವುದಿಲ್ಲ. "ನೋಡ್ತೀನಿ", "ಟ್ರೈ ಮಾಡ್ತೀನಿ" ಅಂತೀವಿ. ನಮ್ಮೂರಲ್ಲಿ ಅದನ್ನು ಕೇಳಿದವರಿಗೆ ಬರಲ್ಲ ಅಂತ ಅರ್ಥವಾಗುತ್ತದೆ. ಇಲ್ಲಿ ಅದೇ ಮಾತನ್ನು ಹೇಳಿದರೆ ಬರುತ್ತಾನೆ ಅಂತ ಬರೆದುಕೊಳ್ಳುತ್ತಾರೆ. ನೀವು ಮರ್ಯಾದೆಗೆ ಹೇಳಿದ ಮಾತು, ಬರದಿದ್ದಾಗ ಸುಳ್ಳಾಗಿ ಕಾಣುತ್ತದೆ. ಎರಡೂ ಕಡೆಯವರು ಒಳ್ಳೆಯವರೇ ಇದ್ದು ಹೀಗಾಗುವುದನ್ನು ನೋಡಿ ನನಗೆ ಬೇಸರವಾಗಿದೆ.

ಸೂಪರ್‌ವೈಸರ್‌ಗೆ ಮೂರು ವಿಷಯ ಸಾಕು: ಯಾವ ಶಿಫ್ಟ್, ಬರಲ್ಲ ಅನ್ನುವುದು, ಬದಲಿಗೆ ಏನು ಮಾಡುತ್ತೀರಿ. "ಮಂಗಳವಾರ 6ರ ಶಿಫ್ಟ್‌ಗೆ ಬರಲು ಆಗುವುದಿಲ್ಲ, ಹುಷಾರಿಲ್ಲ, ಗುರುವಾರ ಬಂದು ಸರಿದೂಗಿಸಬಹುದೇ?" ಇಷ್ಟೇ. ಪುಟಗಟ್ಟಲೆ ಕಾರಣ ಬೇಡ, ಹತ್ತು ಸಲ ಕ್ಷಮೆ ಬೇಡ. ಸಂದೇಶ ಹೋಗಬೇಕಾದ ದಾರಿ ಯಾವುದು ಅಂತ ಮೊದಲ ದಿನವೇ ಕೇಳಿಕೊಳ್ಳಿ. ಇಮೇಲ್ ಅಂದರೆ ಇಮೇಲ್, ಶಿಫ್ಟ್ ಆ್ಯಪ್ ಅಂದರೆ ಆ್ಯಪ್. ಪಕ್ಕದ ಕುರ್ಚಿಯ ಗೆಳೆಯನಿಗೆ "ಹೇಳಿಬಿಡೋ" ಅಂದರೆ ಅದು ಹೇಳಿದ ಹಾಗಲ್ಲ.

ನೋ ಕಾಲ್ ನೋ ಶೋ ಅಂದ್ರೆ ಏನು?

ತಿಳಿಸದೆ ಬರದೇ ಇರುವುದು. ಪಾಯಿಂಟ್ ಪಟ್ಟಿಯಲ್ಲಿ ಇದಕ್ಕೇ ಎಲ್ಲಕ್ಕಿಂತ ದೊಡ್ಡ ಪಾಯಿಂಟ್. ಕೆಲವು ಕಡೆ ಎರಡನೇ ಸಲಕ್ಕೆ ಕೆಲಸ ಮುಗಿದಂತೆ. ಮರೆತೇಹೋಯಿತು ಅಂತಿಟ್ಟುಕೊಳ್ಳಿ, ನೆನಪಾದ ನಿಮಿಷವೇ ಫೋನ್ ಮಾಡಿ, ರಾತ್ರಿ 8 ಆಗಿದ್ದರೂ ಪರವಾಗಿಲ್ಲ. ನಾಳೆ ಮುಖ ತೋರಿಸಲು ನಾಚಿಕೆ ಅಂತ ಮುಂದಿನ ಶಿಫ್ಟೂ ತಪ್ಪಿಸಿಕೊಂಡವರು ಇದ್ದಾರೆ. ಮೊದಲ ತಪ್ಪಿಗೆ ಅವರ ಕೆಲಸ ಹೋಗುತ್ತಿರಲಿಲ್ಲ.

ಜ್ವರ ಬಂದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕಾ? ಆ ದಿನದ ಸಂಬಳ?

ಒಂದು ದಿನದ ಜ್ವರಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಸತತವಾಗಿ ಹಲವು ಶಿಫ್ಟ್ ತಪ್ಪಿದರೆ ಕ್ಯಾಂಪಸ್‌ನ ಹೆಲ್ತ್ ಸೆಂಟರ್‌ನಿಂದ ಚೀಟಿ ತನ್ನಿ ಅನ್ನಬಹುದು. ಗಂಟಲು ಕಟ್ಟಿದ್ದರೂ ಹೇಳಿ. ಇದು ಗಂಟಲಿನದ್ದೇ ಕೆಲಸ, ಆ ದಿನ ಡೇಟಾ ಸರಿಮಾಡುವ ಅಥವಾ ಧನ್ಯವಾದ ಪತ್ರ ಬರೆಯುವ ಕೆಲಸ ಕೊಡುವವರೂ ಇದ್ದಾರೆ. ಸಂಬಳದ ಮಾತಿಗೆ ಬಂದರೆ, ಕಾಯಿಲೆಗೆ ಸಂಬಳದ ರಜೆ ಕೊಡಲೇಬೇಕು ಅನ್ನುವ ಸಾಮಾನ್ಯ ಕಾನೂನು ಇಡೀ ದೇಶಕ್ಕೆ ಇಲ್ಲ. ರಾಜ್ಯಗಳಲ್ಲಿ ಇದೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 30 ಗಂಟೆ ಕೆಲಸಕ್ಕೆ 1 ಗಂಟೆ ರಜೆ ಕೂಡುತ್ತಾ ಹೋಗುತ್ತದೆ. ನಿಮ್ಮ ರಾಜ್ಯದ್ದು ಏನು ಅಂತ ಎಚ್‌ಆರ್ ಹತ್ತಿರ ಕೇಳಿ, ಕೇಳುವುದು ತಪ್ಪಲ್ಲ.

ನನ್ನ ಐಡಿ ಕೊಟ್ಟು ಫ್ರೆಂಡ್ ಹತ್ರ ಕ್ಲಾಕ್ ಇನ್ ಮಾಡಿಸಿದ್ರೆ? ಹತ್ತು ನಿಮಿಷದಲ್ಲಿ ಬಂದುಬಿಡ್ತೀನಿ

ಬೇಡ. ದಯವಿಟ್ಟು ಬೇಡ. ಕಾಲೇಜಿನಲ್ಲಿ ಪ್ರಾಕ್ಸಿ ಹಾಕಿ ಸಿಕ್ಕಿಬಿದ್ದರೆ ಮೇಷ್ಟ್ರು ಬೈದು ಹೊರಗೆ ನಿಲ್ಲಿಸುತ್ತಿದ್ದರು. ಇಲ್ಲಿ ಅದು ಮಾಡದ ಕೆಲಸಕ್ಕೆ ಸಂಬಳ ಬರೆಸಿದ ಹಾಗೆ, ಮೋಸ ಅಂತಲೇ ದಾಖಲಾಗುತ್ತದೆ. ಇಬ್ಬರ ಕೆಲಸವೂ ಹೋಗುತ್ತದೆ, ವಿದ್ಯಾರ್ಥಿ ಶಿಸ್ತು ಸಮಿತಿಯವರೆಗೂ ಹೋಗಬಹುದು. ಜೊತೆಗೆ ನಿಮ್ಮ ಲಾಗಿನ್‌ನಲ್ಲಿ ದಾನಿಗಳ ಫೋನ್ ನಂಬರ್, ಕೊಟ್ಟ ದುಡ್ಡಿನ ವಿವರ ಎಲ್ಲ ಇರುತ್ತದೆ.

ಶಿಫ್ಟ್ ಅದಲು ಬದಲು ಮಾಡಿಕೊಳ್ಳುವುದು ಬೇರೆ ಮಾತು, ಅದು ಸರಿಯಾದ ದಾರಿ. ಆದರೆ ಸೂಪರ್‌ವೈಸರ್ ಒಪ್ಪಿ ಪಟ್ಟಿಯಲ್ಲಿ ಹೆಸರು ಬದಲಾಗುವವರೆಗೆ ಆ ಶಿಫ್ಟ್ ನಿಮ್ಮದೇ. ಗೆಳೆಯ ಒಪ್ಪಿಕೊಂಡು ಬರದಿದ್ದರೆ ಪಾಯಿಂಟ್ ಯಾರಿಗೆ ಅಂತಲೂ ಕೇಳಿಟ್ಟುಕೊಳ್ಳಿ.

ಮಿಡ್‌ಟರ್ಮ್ ಟೈಮಲ್ಲಿ ರಜೆ ಕೊಡ್ತಾರಾ?

ಕೊಡುತ್ತಾರೆ. ನೀವು ಮೊದಲು ವಿದ್ಯಾರ್ಥಿ ಅನ್ನುವುದು ಅವರಿಗೂ ಗೊತ್ತು. ಸೆಮಿಸ್ಟರ್‌ನ ಮೊದಲ ವಾರದಲ್ಲಿ ಎಲ್ಲ ಕೋರ್ಸ್‌ಗಳ ಸಿಲಬಸ್ ಹಾಳೆಯಲ್ಲಿ ಪರೀಕ್ಷೆಯ ದಿನಾಂಕ ಇರುತ್ತದೆ, ಅದನ್ನು ಒಟ್ಟಿಗೆ ಕೊಟ್ಟುಬಿಡಿ. ಹಿಂದಿನ ದಿನ ಕೇಳಿದರೆ ಕಷ್ಟ, ಅದೇ ವಾರ ಎಲ್ಲರಿಗೂ ಪರೀಕ್ಷೆ ಇರುತ್ತದಲ್ಲ. ಯಾರಿಗೂ ರಜೆ ಸಿಗದ ದಿನಗಳೂ ಇರುತ್ತವೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಮಂಗಳವಾರ ಗಿವಿಂಗ್ ಟ್ಯೂಸ್‌ಡೇ, 2012ರಿಂದ ನಡೆಯುತ್ತಿರುವ ದೇಣಿಗೆಯ ದಿನ. ಆಮೇಲೆ ಡಿಸೆಂಬರ್, ಯಾಕೆಂದರೆ ದಾನಿಗಳ ತೆರಿಗೆ ವರ್ಷ 31ಕ್ಕೆ ಮುಗಿಯುತ್ತದೆ. ಬಹಳ ಯೂನಿವರ್ಸಿಟಿಗಳ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುವುದರಿಂದ ಜೂನ್ ಕೂಡ ಬಿಗಿ.

ಗಣೇಶ ಹಬ್ಬಕ್ಕೆ, ದೀಪಾವಳಿಗೆ ರಜೆ ಕೇಳಬಹುದಾ?

ಧೈರ್ಯವಾಗಿ ಕೇಳಿ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪ್ರಕಾರ 15 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಸಂಸ್ಥೆ ಧರ್ಮದ ಆಚರಣೆಗೆ ಹೊಂದಿಕೊಳ್ಳಬೇಕು. ದೊಡ್ಡ ಹೊರೆಯಾಗುತ್ತದೆ ಅಂತ ತೋರಿಸಿದರೆ ಮಾತ್ರ ಇಲ್ಲ ಅನ್ನಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಇನ್ನೂ ಸ್ಪಷ್ಟ ಮಾಡಿದೆ. ಆದರೆ ನಮ್ಮ ಹಬ್ಬದ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಅದು ಅವರ ಕ್ಯಾಲೆಂಡರ್‌ನಲ್ಲಿ ಇರುವುದಿಲ್ಲ. ಪಂಚಾಂಗ ನೋಡಿ ದಿನಾಂಕ ಬರೆದು ಆಗಸ್ಟ್‌ನಲ್ಲೇ ಕೊಡಿ. ನಾನು ಹಾಗೆ ಕೊಟ್ಟ ವರ್ಷ ಒಂದು ಮಾತೂ ಇಲ್ಲದೆ ರಜೆ ಸಿಕ್ಕಿತು. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಊರಿಗೆ ಹೋಗಬೇಕಾದವರ ಶಿಫ್ಟ್ ನಾನು ಮಾಡಿದೆ.

ಊರಿಂದ ಕೆಟ್ಟ ಸುದ್ದಿ ಬಂದ್ರೆ? ಮೊದಲು ಯಾರಿಗೆ ಹೇಳಬೇಕು?

ಮೊದಲು ಹತ್ತಿರದವರ ಜೊತೆ ಕೂತು ಅಳಿ. ಆಮೇಲೆ ಒಂದು ಸಾಲಿನ ಸಂದೇಶ ಸಾಕು: "ಮನೆಯಲ್ಲಿ ಸಾವಾಗಿದೆ, ಈ ವಾರ ಬರುವುದಿಲ್ಲ." ನಿಮ್ಮಿಂದ ಬರೆಯಲು ಆಗದಿದ್ದರೆ ರೂಮ್‌ಮೇಟ್ ನಿಮ್ಮ ಫೋನಿನಿಂದಲೇ ಕಳಿಸಲಿ. ಇಂಥ ರಜೆಗೆ ಪಾಯಿಂಟ್ ಹಾಕಿದ್ದನ್ನು ನಾನು ನೋಡಿಲ್ಲ. ಅಜ್ಜಿ, ದೊಡ್ಡಪ್ಪ, ಸೋದರಮಾವ ಹೋದರೂ ಹೇಳಿ. ಅವರ ಪಟ್ಟಿಯಲ್ಲಿ ಹತ್ತಿರದ ಸಂಬಂಧ ಅಂದರೆ ಅಪ್ಪ ಅಮ್ಮ ಒಡಹುಟ್ಟಿದವರು ಅಂತ ಇರಬಹುದು, ಆದರೆ ನಿಮ್ಮನ್ನು ಎತ್ತಿ ಬೆಳೆಸಿದವರು ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಊರಿಗೆ ಹೊರಟರೆ ವಿಮಾನ ಹತ್ತುವ ಮೊದಲು, ವೀಸಾಗೆ ಯೂನಿವರ್ಸಿಟಿ ಕೊಟ್ಟ ಐ-20 ಪತ್ರದ ಮೇಲೆ ಪ್ರಯಾಣದ ಸಹಿ ಇದೆಯೇ, ಒಂದು ವರ್ಷ ದಾಟಿಲ್ಲ ತಾನೇ ನೋಡಿ. ಪಾಸ್‌ಪೋರ್ಟ್‌ನಲ್ಲಿ ವೀಸಾ ಮುಗಿದಿದೆಯೇ ಅಂತಲೂ ನೋಡಿ.

## ವೀಸಾ ಜೊತೆ ತಳಕು ಹಾಕಿಕೊಂಡ ಪ್ರಶ್ನೆಗಳು

ತಪ್ಪಿಸಿದ ಶಿಫ್ಟ್ ಸರಿದೂಗಿಸಿದ್ರೆ 20 ಗಂಟೆ ದಾಟತ್ತೆ. ಏನು ಮಾಡಲಿ?

ಸರಿದೂಗಿಸಬೇಡಿ. ಎಫ್-1 ವೀಸಾದಲ್ಲಿ (ಓದಲು ಬಂದವರ ವೀಸಾ) ತರಗತಿ ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ ಹೆಚ್ಚೆಂದರೆ 20 ಗಂಟೆ, ಅದೂ ಎಲ್ಲ ಕೆಲಸ ಸೇರಿ. ಲೈಬ್ರರಿಯಲ್ಲಿ 10, ಕಾಲ್ ಸೆಂಟರ್‌ನಲ್ಲಿ 9 ಇದ್ದರೆ ಉಳಿದದ್ದು ಒಂದೇ ಗಂಟೆ. ಕಳೆದ ವಾರ 12 ಮಾಡಿದ್ದೆ, ಈ ವಾರ 25 ಮಾಡಿದರೆ ಸರಾಸರಿ ಸರಿಯಾಗುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಹಾಜರಿಯ ಪಾಯಿಂಟ್ ಬಿದ್ದರೆ ಹೆಚ್ಚೆಂದರೆ ಕೆಲಸ ಹೋಗುತ್ತದೆ, 20 ದಾಟಿದರೆ ವೀಸಾ ಸ್ಥಿತಿಯೇ ಹೋಗುತ್ತದೆ. ನಿಮ್ಮ ಇನ್ನೊಂದು ಕೆಲಸ ಸೂಪರ್‌ವೈಸರ್‌ಗೆ ಗೊತ್ತಿರುವುದಿಲ್ಲ. ಸೇರುವಾಗಲೇ ಹೇಳಿ. ರಜೆಯ ತಿಂಗಳುಗಳಲ್ಲಿ, ಮುಂದಿನ ಸೆಮಿಸ್ಟರ್‌ಗೆ ಓದು ಮುಂದುವರಿಸುವವರಿಗೆ, ಪೂರ್ಣಾವಧಿ ಕೆಲಸ ಮಾಡಬಹುದು.

ಹಾಗಾದ್ರೆ ದುಡ್ಡು ಬೇಡ, ಸುಮ್ನೆ ಬಂದು ಕರೆ ಮಾಡ್ತೀನಿ ಅಂದ್ರೆ?

ಆಗಲ್ಲ. ಸಂಬಳ ಇರುವ ಕೆಲಸವನ್ನು ಬಿಟ್ಟಿ ಮಾಡಿದರೂ ಅದು ಕೆಲಸವೇ. ಯಾರಾದರೂ ಕ್ಲಾಕ್ ಔಟ್ ಮಾಡಿ ಇನ್ನರ್ಧ ಗಂಟೆ ಕೂತುಕೋ ಅಂದರೂ ಒಪ್ಪಬೇಡಿ.

ಎಸ್‌ಎಸ್‌ಎನ್ (ಸಂಬಳ, ತೆರಿಗೆಗೆ ಬೇಕಾದ ಸೋಶಿಯಲ್ ಸೆಕ್ಯುರಿಟಿ ನಂಬರ್) ಇನ್ನೂ ಬಂದಿಲ್ಲ. ಟ್ರೈನಿಂಗ್ ತಪ್ಪಿಸಲಾ?

ಟ್ರೈನಿಂಗ್ ಎಲ್ಲ ಕಡೆ ಕಡ್ಡಾಯ, ತಪ್ಪಿದರೆ ಆ ಸೆಮಿಸ್ಟರ್‌ನ ಕೆಲಸವೇ ಹೋಗಬಹುದು. ಅದಕ್ಕೂ ಸಂಬಳ ಇದೆ, ಹಾಗಾಗಿ ಅದು ಕೆಲಸದ ಮೊದಲ ದಿನ. ಇಲ್ಲಿ ಕೆಲಸ ಮಾಡಲು ಅನುಮತಿ ಇದೆ ಅಂತ ತೋರಿಸುವ ಐ-9 ಫಾರ್ಮ್‌ನ ನಿಮ್ಮ ಭಾಗ ಅಂದೇ ಮುಗಿಯಬೇಕು, ದಾಖಲೆ ತೋರಿಸಲು ಮೂರು ಕೆಲಸದ ದಿನ ಇರುತ್ತದೆ. ನಂಬರ್‌ಗೆ ಅರ್ಜಿ ಹಾಕಿದ ಮೇಲೆ ಅದು ಬರುವವರೆಗೂ ಕೆಲಸ ಮಾಡಲು ಕಾನೂನಿನ ಅಡ್ಡಿ ಇಲ್ಲ, ಆದರೆ ಕೆಲವು ಯೂನಿವರ್ಸಿಟಿಗಳು ಕಾಯಿಸುತ್ತವೆ. ಮೊದಲ ವಾರವೇ ಕೇಳಿ. ಹೊಸದಾಗಿ ಬಂದವರು ತರಗತಿ ಶುರುವಾಗುವ 30 ದಿನಕ್ಕಿಂತ ಮೊದಲು ಕೆಲಸ ಶುರು ಮಾಡುವಂತಿಲ್ಲ ಅನ್ನುವುದೂ ನೆನಪಿರಲಿ.

ನಮ್ಮ ಕಾಲ್ ಸೆಂಟರ್ ನಡೆಸೋದು ಹೊರಗಿನ ಕಂಪನಿ ಅಂತೆ. ತೊಂದರೆನಾ?

ಇದನ್ನು ಕೇಳುವವರು ಕಮ್ಮಿ, ಕೇಳಲೇಬೇಕಾದ ಪ್ರಶ್ನೆ. ಕೆಲವು ಯೂನಿವರ್ಸಿಟಿಗಳು ಈ ಕೆಲಸವನ್ನು ಕಂಪನಿಗೆ ವಹಿಸುತ್ತವೆ. ಎಫ್-1 ನಿಯಮದಲ್ಲಿ ಕ್ಯಾಂಪಸ್ ಒಳಗಿನ ಖಾಸಗಿ ಕಂಪನಿ ಪುಸ್ತಕದ ಅಂಗಡಿ, ಕ್ಯಾಂಟೀನ್ ತರಹ ವಿದ್ಯಾರ್ಥಿಗಳಿಗೆ ನೇರ ಸೇವೆ ಕೊಡುವಂತಿದ್ದರೆ ಮಾತ್ರ ಕ್ಯಾಂಪಸ್ ಕೆಲಸ ಅನ್ನಿಸಿಕೊಳ್ಳುತ್ತದೆ. ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡುವುದು ಆ ಸಾಲಿಗೆ ಸೇರುವುದು ಕಷ್ಟ. ನಿಮ್ಮ ಸಂಬಳದ ಚೀಟಿ ಯಾರ ಹೆಸರಿನಲ್ಲಿ ಬರುತ್ತದೆ ನೋಡಿ. ಯೂನಿವರ್ಸಿಟಿ ಹೆಸರು ಇಲ್ಲದಿದ್ದರೆ ಮೊದಲ ಶಿಫ್ಟ್‌ಗೆ ಮುಂಚೆ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಡಿಸೆಂಬರ್ ರಜೆಗೆ ಮೈಸೂರಿಗೆ ಹೋಗ್ತೀನಿ. ಅಲ್ಲಿಂದಲೇ ಲಾಗಿನ್ ಆಗಿ ಶಿಫ್ಟ್ ಮಾಡಬಹುದಾ?

2020ರ ನಂತರ ಮನೆಯಿಂದ ಕರೆ ಮಾಡುವ ಸಾಫ್ಟ್‌ವೇರ್ ಬಹಳ ಕಡೆ ಬಂದಿದೆ, ಹಾಗಾಗಿ ಈ ಆಸೆ ಸಹಜ. ಆದರೆ ಬೇರೆ ದೇಶದಿಂದ ಕೆಲಸ ಅಂದರೆ ತೆರಿಗೆ, ಸಂಬಳ, ದಾನಿಗಳ ಮಾಹಿತಿಯ ಸುರಕ್ಷತೆ ಎಲ್ಲ ಅಡ್ಡ ಬರುತ್ತದೆ. ಕೇಳದೆ ಲಾಗಿನ್ ಆಗಬೇಡಿ. ಟಿಕೆಟ್ ಬುಕ್ ಮಾಡಿದ ದಿನವೇ ಹೋಗುವ, ಬರುವ ದಿನಾಂಕ ತಿಳಿಸಿ ರಜೆ ಬರೆಸಿಕೊಳ್ಳಿ.

ಕೆಲಸ ಬಿಡಬೇಕು ಅಂತಿದೀನಿ. ಸುಮ್ನೆ ಹೋಗೋದು ನಿಲ್ಲಿಸಿದ್ರೆ ಆಯ್ತಲ್ವಾ?

ಹಾಗೆ ಮಾಡಬೇಡಿ. ಎರಡು ವಾರ ಮೊದಲು ಇಮೇಲ್ ಬರೆಯಿರಿ, ಒಪ್ಪಿಕೊಂಡ ಶಿಫ್ಟ್‌ಗಳನ್ನು ಮುಗಿಸಿ. ಹೇಳದೆ ನಿಂತವರನ್ನು ಮತ್ತೆ ಸೇರಿಸಿಕೊಳ್ಳಬಾರದು ಅಂತ ದಾಖಲೆಯಲ್ಲಿ ಬರೆಯುತ್ತಾರೆ, ಅದು ಕ್ಯಾಂಪಸ್‌ನ ಬೇರೆ ಕಚೇರಿಗಳಿಗೂ ಕಾಣಬಹುದು. ನನಗೆ ಮುಂದಿನ ಕೆಲಸಕ್ಕೆ ಶಿಫಾರಸು ಕೊಟ್ಟವರು ಇದೇ ಕಾಲ್ ಸೆಂಟರ್‌ನ ಮ್ಯಾನೇಜರ್. ಪತ್ರದಲ್ಲಿ ಅವರು ಬರೆದದ್ದು ನಾನು ತಂದ ದೇಣಿಗೆಯ ಲೆಕ್ಕವನ್ನಲ್ಲ, ಎರಡು ಚಳಿಗಾಲ ನಾನು ತಪ್ಪದೆ ಬಂದದ್ದನ್ನು. ಹೆಡ್‌ಸೆಟ್, ಬಾಗಿಲಿನ ಕಾರ್ಡ್ ವಾಪಸ್ ಕೊಡಿ. ಕೊನೆಯ ಸಂಬಳದ ಚೀಟಿಯಲ್ಲಿ ಗಂಟೆ ಸರಿಯಾಗಿದೆಯೇ ನೋಡಿ. ಮನೆ ಬದಲಿಸುತ್ತಿದ್ದರೆ ಹೊಸ ವಿಳಾಸ ಕೊಡಿ, ತೆರಿಗೆಗೆ ಬೇಕಾದ ಡಬ್ಲ್ಯೂ-2 ಫಾರ್ಮ್ ಅವರು ಕಳಿಸುವುದು ಮುಂದಿನ ಜನವರಿ ಕೊನೆಯ ಹೊತ್ತಿಗೆ.